ಜಗಳೂರಿನ ಸೇರು, ಚನ್ನಗಿರಿಯ ಸೇರು

ಈ ಸಲ ಓಟು ಹಾಕಲು ನಮ್ಮ ಓಣಿಯವರಿಗೆಲ್ಲ ಕಾಲೇಜಿನ ಕಟ್ಟಡ ಬಂತು. ಸೊಸೆ ದೀಪಾ ನನ್ನ ಹಿಂದೆ ನಿಂತಿದ್ದಳು. ಸಾಲು ಸರಿದು ಸರಿದು ಬಾಗಿಲ ಹತ್ತಿರ ಬಂದಾಗ ಒಳಗಿನಿಂದ ವಾಸನೆ ಹೊಡೆಯಿತು. ಫಿನಾಯಿಲು, ಒದ್ದೆ ಗೋಡೆ, ಅದರ ಜೊತೆಗೆ ಮೂಗಿನೊಳಗೆ ಚುಚ್ಚುವ ಯಾವುದೋ ಆಸಿಡ್ಡು. ಪಕ್ಕದ ಕೋಣೆ ಕೆಮಿಸ್ಟ್ರಿ ಲ್ಯಾಬು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಬಾಗಿಲ ಎದುರಿನ ಕಲ್ಲುಬೆಂಚಿನ ಮೇಲೆ ಒಂದು ಇಡೀ ಬೆಳಗ್ಗೆ ಕೂತು ಎದ್ದವಳು ನಾನು. ಬೆರಳಿಗೆ ಶಾಯಿ ಹಚ್ಚುವ ಹುಡುಗಿ "ಅಜ್ಜಿ, ಕೈ ಕೊಡ್ರಿ, ಅತ್ಲಾಗೇನು ನೋಡ್ತೀರಿ" ಎಂದು ಎರಡು ಸಲ ಕೂಗಬೇಕಾಯಿತು. ನಾನು ಆ ಬೆಂಚನ್ನೇ ನೋಡುತ್ತಿದ್ದೆ.

ಅದು ಮೊಮ್ಮಗಳು ಚೈತ್ರಳ ವರ್ಷ. ನಮ್ಮ ಮನೆಯಲ್ಲಿ ಆ ಮಳೆಗಾಲವನ್ನು ಈಗಲೂ ಹಾಗೇ ಕರೆಯುತ್ತೇವೆ.

ಚೈತ್ರ ನನ್ನ ಮಗಳು ಸುಜಾತಳ ಮಗಳು. ನಾನು ಹುಟ್ಟಿದ್ದು ಜಗಳೂರು ಸೀಮೆ, ಕೊಟ್ಟಿದ್ದು ಚನ್ನಗಿರಿಗೆ. ಸುಜಾತಳನ್ನು ತಿರುಗಿ ನನ್ನ ತವರಿನ ಕಡೆಗೇ ಕೊಟ್ಟೆ. ಅವಳು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ಅಳಿಯ ಲಾರಿ ಮೇಲಿರುವವನು, ಹಬ್ಬಕ್ಕೆ ಮುಖ ತೋರಿಸಿದರೆ ದೊಡ್ಡದು. ಚೈತ್ರ ಜಗಳೂರು ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಬಿಎಸ್ಸಿ ಎರಡು ವರ್ಷ ಮುಗಿಸಿದ್ದಳು. ಅಷ್ಟರಲ್ಲಿ ಸುಜಾತಳಿಗೆ ಹೊನ್ನಾಳಿ ಡಿಪೋಗೆ ವರ್ಗವಾಯಿತು. ತಾನು ಹೊನ್ನಾಳಿಯಲ್ಲಿ ಒಂದು ರೂಮು ಮಾಡುವುದು, ಹುಡುಗಿ ನನ್ನ ಮನೆಯಲ್ಲಿದ್ದು ಚನ್ನಗಿರಿಯಲ್ಲಿ ಕೊನೆಯ ವರ್ಷ ಮುಗಿಸುವುದು ಎಂದು ಅವಳೇ ತೀರ್ಮಾನ ಮಾಡಿದಳು.

ಸುಜಾತಳಿಗೆ ವರ್ಗ ಹೊಸದಲ್ಲ. ಚೈತ್ರ ಸಣ್ಣವಳಿದ್ದಾಗಲೂ ಊರು ಬದಲಾಯಿಸಿದ್ದಳು. ಪ್ರತಿ ಸಲವೂ ಹಳೆಯ ಶಾಲೆಯಿಂದ ಟಿಸಿ ಬರೆಸಿಕೊಂಡು, ಮಾರನೆಯ ದಿನ ಹೊಸ ಶಾಲೆಯ ಹೆಡ್ ಮಾಸ್ತರ ಮೇಜಿನ ಮೇಲೆ ಇಟ್ಟರೆ ಮುಗಿಯಿತು, ಹುಡುಗಿ ಅವತ್ತೇ ಮುಂದಿನ ಕ್ಲಾಸಿನಲ್ಲಿ ಕೂರುತ್ತಿದ್ದಳು. ಟಿಸಿ ಕೈಯಲ್ಲಿದ್ದರೆ ಮಗು ಎಲ್ಲಿ ಬೇಕಾದರೂ ಕೂರುತ್ತದೆ. ನಮ್ಮ ಕಡೆ ಎಲ್ಲರೂ ನಂಬಿರುವುದು ಇದನ್ನೇ, ನಾನೂ ನಂಬಿದ್ದೆ. ಹಾಗಾಗಿ ಸುಜಾತ ವರ್ಗದ ಆರ್ಡರು ಬಂದ ಕೂಡಲೇ ಮಾಡಿದ ಮೊದಲ ಕೆಲಸ ಟಿಸಿ ಕಿತ್ತಿದ್ದು. ಆಮೇಲೆ ಪಾತ್ರೆ ಪಗಡೆ ಲಾರಿಗೆ ಹೇರಿದ್ದು.

ಮಳೆ ಹಿಡಿದ ದಿನ ಮೂವರೂ ಕಾಲೇಜಿಗೆ ಹೋದೆವು. ಕೌಂಟರಿನಲ್ಲಿ ಕೂತಿದ್ದ ಗುಮಾಸ್ತರು ಟಿಸಿ ನೋಡಿದರು, ಮಾರ್ಕ್ಸ್ ಕಾರ್ಡು ತಿರುವಿದರು, ಕನ್ನಡಕವನ್ನು ಹಣೆಗೆ ಏರಿಸಿದರು.

"ಇದು ಸರಿ ಐತೆ. ಕಮಿಟಿ ಒಪ್ಪಿಗೆ ಎಲ್ಲೈತಮ್ಮ?"

"ಯಾವ ಕಮಿಟಿ ಸರ್?" ಎಂದಳು ಸುಜಾತ.

"ಅಲ್ಲಿ ಓದಿದ್ದು ಇಲ್ಲಿನ ಓದಿಗೆ ಸಮ ಅಂತ ನಮ್ಮ ಲೆಕ್ಚರರುಗಳು ಕೂತು ನೋಡಿ ಹೇಳ್ಬೇಕು. ನಿಮ್ಮದು ಸ್ವಂತ ಸಿಲಬಸ್ ಮಾಡ್ಕಣೋ ಕಾಲೇಜು. ಅವರ ಪಾಠ ಬೇರೆ, ನಮ್ಮ ಪಾಠ ಬೇರೆ."

ಚೈತ್ರ ಮೊಬೈಲು ಮುಂದೆ ಹಿಡಿದಳು. "ಸರ್, ನನ್ನ ಕ್ರೆಡಿಟ್ಸ್ ಎಲ್ಲ ಖಾತೆಗೆ ಬಿದ್ದಾವೆ. ನೋಡ್ರಿ ಬೇಕಾದ್ರೆ."

ಒಂದೊಂದು ಪೇಪರಿಗೆ ವಾರಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಲ್ಯಾಬು ಎಂದು ನೋಡಿ ಇಷ್ಟಿಷ್ಟು ಕ್ರೆಡಿಟ್ಟು ಅಂತ ಇರುತ್ತದಂತೆ. ಪಾಸಾದರೆ ಅದು ಹುಡುಗರ ಹೆಸರಿನ ಖಾತೆಗೆ ಕಂಪ್ಯೂಟರಿನಲ್ಲಿ ಜಮಾ ಆಗುತ್ತದಂತೆ. ಇದು ನನಗೆ ಆಮೇಲೆ ತಿಳಿದಿದ್ದು. ಆಗ ಬ್ಯಾಂಕಿನ ಮಾತು ಅಂದುಕೊಂಡೆ.

ಗುಮಾಸ್ತರು ಮೊಬೈಲಿನ ಕಡೆ ನೋಡಲೂ ಇಲ್ಲ. "ಖಾತೇಲಿ ಐತೆ ಅಂದ್ರೆ ನೀನು ಸಂಪಾದನೆ ಮಾಡೀಯ ಅಂತ ಅರ್ಥ. ಅದನ್ನ ನಾವು ಎಷ್ಟಕ್ಕೆ ತಗಂತೀವಿ ಅನ್ನೋದು ಬೇರೆ ಮಾತು. ಮೊದ್ಲು ಇಲ್ಲಿ ಅರ್ಜಿ ಕೊಟ್ಟು, ಎಷ್ಟು ಒಪ್ತೀವಿ ಅಂತ ಕೇಳ್ಕಂಡು, ಆಮೇಲೆ ಟಿಸಿ ಕೀಳ್ಬೇಕಿತ್ತು. ಈಗ ಅಲ್ಲಿ ಹೆಸರು ಹೊಡೆದು ಹಾಕಿರ್ತಾರೆ."

"ಒಪ್ಪಲಿಲ್ಲ ಅಂದ್ರೆ?" ನಾನು ಕೇಳಿದೆ.

"ಮೊದಲನೇ ವರ್ಷದಿಂದ ಕೂರ್ಬೇಕು ಅಜ್ಜಿ."

ಸುಜಾತ ಟಿಸಿಯನ್ನು ಮಡಚಿ ತಿರುಗಿ ಚೀಲಕ್ಕೆ ಹಾಕಿಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು. "ಬಸ್ಸಿಂದ ಇಳಿಯಾಕೆ ಮುಂಚೆ ಮುಂದಿನ ಬಸ್ಸು ಐತಾ ಇಲ್ವಾ ಅಂತ ಕೇಳ್ಬೇಕು. ದಿನಾ ಪ್ಯಾಸೆಂಜರಿಗೆ ಅದನ್ನೇ ಹೇಳೋಳು ನೀನು. ನಿನಗೇ ಗೊತ್ತಾಗಲಿಲ್ವಾ?" ಎಂದೆ. ಉತ್ತರ ಕೊಟ್ಟಿದ್ದು ಚೈತ್ರ.

"ಅಮ್ಮನ್ನ ಬಯ್ಯಬೇಡ ಅಜ್ಜಿ. ಒಂದು ಮಾತು ಈಗಲೇ ಹೇಳ್ತೀನಿ. ಮೊದಲನೇ ವರ್ಷಕ್ಕೆ ನಾನು ಕೂರಲ್ಲ. ಓದಿದ್ದನ್ನೇ ಓದು ಅಂದ್ರೆ ಓದೇ ಬಿಟ್ಟು ಬಟ್ಟೆ ಅಂಗಡೀಲಿ ಸೀರೆ ಮಡಚಾಕೆ ಹೋಗ್ತೀನಿ."

ಹುಡುಗಿ ಹೆದರಿಸಲು ಹೇಳುತ್ತಿರಲಿಲ್ಲ. ಅವಳ ದನಿ ನನಗೆ ಗೊತ್ತು. ಅದು ನನ್ನದೇ ದನಿ.

ಅರ್ಜಿ ಕೊಟ್ಟು ಬಂದೆವು. ಓದಿದ ಪ್ರತಿ ಪೇಪರಿನ ಸಿಲಬಸ್ಸಿಗೂ ಹಳೆಯ ಕಾಲೇಜಿನ ಸೀಲು ಒತ್ತಿಸಿ ತರಬೇಕು, ಲ್ಯಾಬಿನ ರೆಕಾರ್ಡುಗಳೂ ಬೇಕು, ವಾರದೊಳಗೆ ಕಮಿಟಿ ಕೂರುತ್ತದೆ ಎಂದರು.

ಪಕ್ಕದ ಮನೆಯಲ್ಲಿ ನನ್ನ ನಾದಿನಿ ನೀಲಕ್ಕ ಇದ್ದಾಳೆ. ನನ್ನ ಗಂಡನ ಅಕ್ಕ. ಸುದ್ದಿ ಅವಳ ಕಿವಿಗೆ ನಮಗಿಂತ ಮೊದಲು ತಲುಪಿತ್ತು. "ಎರಡು ವರ್ಷ ಬಸ್ ಪಾಸು, ಪುಸ್ತಕ, ಎಲ್ಲಾ ಹೊಳೆಗೆ ಹೋತಲ್ಲೇ. ಜಗಳೂರಿನ ಓದು ಅಂದ್ಮೇಲೆ ಇನ್ನೇನು" ಎಂದು ಬೇಲಿ ಆಚೆಯಿಂದಲೇ ಎಸೆದಳು. ಜಗಳೂರು ಎಂದರೆ ಅವಳಿಗೆ ಇವತ್ತಿಗೂ ಬರಡು. ನಾನು ಬಂದು ಎಷ್ಟು ವರ್ಷವಾದರೂ ನನ್ನ ಬಗ್ಗೆ ಹೇಳುವಾಗ "ಆ ಕಡೇರು" ಎನ್ನುತ್ತಾಳೆ.

ನಾನು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಮಳೆಗಾಲದಲ್ಲಿ ಕಟ್ಟಿಗೆ ಹೊಗೆಯಾಡುತ್ತದೆ, ಹಿಟ್ಟು ತೇವ ಹಿಡಿದು ಅಂಚು ಬಿಡುತ್ತದೆ, ಆದರೆ ರೊಟ್ಟಿ ಖರ್ಚಾಗುವುದೂ ಮಳೆಗಾಲದಲ್ಲೇ. ಆ ದಿನಗಳಲ್ಲಿ ಚೈತ್ರ ಬೆಳಗ್ಗೆ ಎದ್ದು ಬಂದು ಒಲೆ ಮುಂದೆ ಕೂತು ಸುಟ್ಟ ರೊಟ್ಟಿಯನ್ನು ಪೇರಿಸುತ್ತಿದ್ದಳು. ಒಂದು ಬೆಳಗ್ಗೆ ಅವಳಿಗೆ ನನ್ನ ಸೇರಿನ ಕಥೆ ಹೇಳಿದೆ.

ಮದುವೆಯಾಗಿ ಬಂದಾಗ ತವರಿನಿಂದ ಒಂದು ಹಿತ್ತಾಳೆಯ ಸೇರು ತಂದಿದ್ದೆ. ನಮ್ಮ ಹಟ್ಟಿಯ ಸೇರು ಇಲ್ಲಿಯ ಸೇರಿಗಿಂತ ದೊಡ್ಡದು. ಆಗ ಊರಿಗೊಂದು ಅಳತೆ, ಯಾರದ್ದೂ ತಪ್ಪಲ್ಲ. ಮೊದಲ ಸಲ ಅಡುಗೆಗೆ ಬಿಟ್ಟಾಗ ನನ್ನ ಸೇರಿನಲ್ಲಿ ಅಕ್ಕಿ ಅಳೆದು ಹಾಕಿದೆ. ಅನ್ನ ಮಿಕ್ಕಿ ದನಕ್ಕೆ ಹೋಯಿತು. "ಇವಳಿಗೆ ಅಳತೇನೇ ತಿಳಿಯದು, ಅವ್ವ ಏನೂ ಕಲಿಸಿಲ್ಲ" ಎಂದರು ಅತ್ತೆ. ನೀಲಕ್ಕ ಪಕ್ಕದಲ್ಲಿ ನಿಂತು ನಕ್ಕಳು. ಎರಡು ಸೇರನ್ನೂ ಅಕ್ಕಪಕ್ಕ ಇಟ್ಟು ಒಂದರಿಂದ ಇನ್ನೊಂದಕ್ಕೆ ಸುರಿದು ನೋಡಿದ್ದರೆ ಅಲ್ಲಿಗೇ ತಿಳಿಯುತ್ತಿತ್ತು. ಯಾರೂ ಸುರಿಯಲಿಲ್ಲ. ವರ್ಷ ತಿರುಗುವವರೆಗೆ ನನಗೆ ಅಂಗಳ, ಕೊಟ್ಟಿಗೆ, ಹೆಚ್ಚೆಂದರೆ ಮುಸುರೆ ಪಾತ್ರೆ. ಹುಟ್ಟಿದಾಗಿನಿಂದ ಏನೂ ಮಾಡಿಯೇ ಇಲ್ಲ ಎನ್ನುವಂತೆ ಶುರುವಿನಿಂದ ಕಲಿಸಿದರು.

ಚೈತ್ರ ಕೇಳಿಸಿಕೊಂಡು "ನಂದೂ ಸುರಿದು ನೋಡಲ್ಲ ಬಿಡಜ್ಜಿ" ಎಂದಳು.

ನೋಡುತ್ತಾರೆ ಎಂದು ನಾನು ಸಮಾಧಾನ ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಹೇಳುವ ಅಭ್ಯಾಸ ನನಗಿಲ್ಲ.

ಸಿಲಬಸ್ಸಿನ ಕಟ್ಟು ಬಂದ ರೀತಿಯೇ ಒಂದು ಕಥೆ. ಸುಜಾತಳಿಗೆ ರಜೆ ಸಿಗಲಿಲ್ಲ. ಆದರೆ ಕಂಡಕ್ಟರುಗಳಿಗೆ ಅವರದೇ ಅಂಚೆ ಉಂಟು. ಒಬ್ಬರ ಬಸ್ಸಿನಿಂದ ಇನ್ನೊಬ್ಬರ ಬಸ್ಸಿಗೆ ಊಟದ ಡಬ್ಬಿ, ಮಾತ್ರೆ, ಮಗುವಿನ ಸ್ವೆಟರು ಎಲ್ಲವೂ ಕೈ ದಾಟಿ ಊರು ಸೇರುತ್ತವೆ. ಜಗಳೂರಿನಲ್ಲಿ ಅವಳ ಗೆಳತಿಯೊಬ್ಬಳು ಕಾಲೇಜಿಗೆ ಹೋಗಿ ಸೀಲು ಒತ್ತಿಸಿ, ಕಟ್ಟು ಕಟ್ಟಿ ದಾವಣಗೆರೆ ಬಸ್ಸಿಗೆ ಕೊಟ್ಟಳು. ಅಲ್ಲಿಂದ ಅದು ಚನ್ನಗಿರಿ ಬಸ್ಸು ಹತ್ತಬೇಕಿತ್ತು. ದಾವಣಗೆರೆಯವನು "ಸುಜಾತಮ್ಮ ಈಗ ಹೊನ್ನಾಳಿ ಅಲ್ವಾ" ಎಂದು ಬುದ್ಧಿ ಓಡಿಸಿ ಹೊನ್ನಾಳಿ ಬಸ್ಸಿಗೆ ಹತ್ತಿಸಿದ. ಸುಜಾತ ಅವತ್ತು ನ್ಯಾಮತಿ ಕಡೆಯ ಡ್ಯೂಟಿಯಲ್ಲಿದ್ದಳು. ಮಾರನೆಯ ದಿನ ಕಮಿಟಿ.

ನಾನೇ ಹೋದೆ. ರೊಟ್ಟಿಯನ್ನು ನೀಲಕ್ಕನ ತಲೆಗೆ ಕಟ್ಟಿ, ಮಳೆಗೆ ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಬಸ್ಸು ಹತ್ತಿದೆ. ಹೊನ್ನಾಳಿಯಲ್ಲಿ ಹೊಳೆ ಕೆಂಪಗೆ ದಡಕ್ಕೆ ತಾಗಿ ಹರಿಯುತ್ತಿತ್ತು. ಡಿಪೋದಲ್ಲಿ ಕೂತಿದ್ದ ದಪ್ಪ ಮೀಸೆಯವನು ನನ್ನ ತಲೆಯಿಂದ ಕಾಲಿನವರೆಗೆ ನೋಡಿದ.

"ಏನ್ ಬೇಕಿತ್ತಜ್ಜಿ?"

"ಸುಜಾತನ ಹೆಸರಿಗೆ ಒಂದು ಕಟ್ಟು ಬಂದೈತಂತೆ."

"ಅದಾ? ಭಾರ ಐತೆ, ಕೊಬ್ಬರಿ ಇರ್ಬೇಕು ಅಂದ್ಕಂಡು ಬಿಚ್ಚಾಕೆ ಹೋಗಿದ್ವಿ. ಬರೀ ಪೇಪರ್ರು. ಬೇಜಾರಾತು."

"ನಿಮಗೆ ಬೇಜಾರು, ನಮ್ಮ ಹುಡುಗಿಗೆ ಅದೇ ಕೊಬ್ಬರಿ. ಕೊಡಪ್ಪಾ."

ಅವನು ನಕ್ಕು, ಕಟ್ಟನ್ನು ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಚನ್ನಗಿರಿ ಕಡೆಯ ಬಸ್ಸು ನಿಲ್ಲಿಸಿ ಹತ್ತಿಸಿದ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ನಲ್ಲೂರು ದಾಟುವಾಗ ಪಕ್ಕದ ಹೆಂಗಸು "ಮಗೂನಾ ಅಮ್ಮಾ?" ಎಂದಳು. ಹೌದು ಎಂದೆ.

ಕಮಿಟಿ ಎಂದರೆ ಮೂವರು. ಕೆಮಿಸ್ಟ್ರಿ ಮೇಡಂ, ಫಿಸಿಕ್ಸ್ ಸರ್, ಗಣಿತದ ಸರ್. ಚೈತ್ರ ಒಳಗೆ, ನಾನು ಹೊರಗೆ ಬೆಂಚಿನ ಮೇಲೆ. ಸೆಕೆಗೆ ಬಾಗಿಲು ತೆರೆದೇ ಇಟ್ಟಿದ್ದರು. ಯಾರಾದರೂ ದೊಡ್ಡವರ ಕೈಯಲ್ಲಿ ಒಂದು ಮಾತು ಹೇಳಿಸು ಎಂದು ನೀಲಕ್ಕ ಹೇಳಿದ್ದಳು. ನನಗೆ ಗೊತ್ತಿರುವ ದೊಡ್ಡವರೆಲ್ಲ ರೊಟ್ಟಿ ಸಾಲ ಹೇಳುವವರೇ, ಅವರ ಮಾತಿಗೆ ಏನು ಬೆಲೆ.

ಮೂವರೂ ಎರಡು ಸಿಲಬಸ್ಸುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಅವರದು ಒಂದು ಕಡೆ, ಜಗಳೂರಿನದು ಒಂದು ಕಡೆ. ಬೆರಳಿಟ್ಟು ಸಾಲು ಸಾಲಾಗಿ ಇಳಿದರು. ನಾನು ಬೆಂಚಿನ ಮೇಲೆ ನೆಟ್ಟಗೆ ಕೂತೆ. ಇವರು ಸುರಿದು ನೋಡುತ್ತಿದ್ದಾರೆ.

"ಹೆಸರು ಬೇರೆ ಇಟ್ಟಾರೆ, ಒಳಗಿರೋದು ನಮ್ಮ ಮೂರನೇ ಸೆಮಿಸ್ಟರಿನದೇ" ಎಂದರು ಗಣಿತದ ಸರ್. "ಗಂಟೆನೂ ಅಷ್ಟೇ ಐತೆ. ಇದನ್ನ ತಗಳ್ಳಿ."

ಫಿಸಿಕ್ಸ್ ಸರ್ ಒಂದು ಪೇಪರಿನ ಹತ್ತಿರ ನಿಂತರು. ಹೆಸರು ಎರಡು ಕಡೆಯೂ ಒಂದೇ, ಆದರೆ ಒಂದು ಪಾಠ ಅಲ್ಲಿಲ್ಲ. ಅದು ಬೇರೆ ಪೇಪರಿನಲ್ಲಿ ಅಡಗಿದೆ ಎಂದು ಚೈತ್ರ ಹಾಳೆ ತಿರುವಿ ತೋರಿಸಿದಳು. ಸರ್ ಹೂಂಗುಟ್ಟಿದರು. ಅಲ್ಲಿ ಸಿರಿಧಾನ್ಯದ ಬಗ್ಗೆ ಓದಿದ ಪೇಪರು ಇಲ್ಲಿ ಇಲ್ಲವೇ ಇಲ್ಲ. ಇಷ್ಟಪಟ್ಟು ತೆಗೆದುಕೊಳ್ಳುವ ಪೇಪರುಗಳ ಲೆಕ್ಕಕ್ಕೆ ಅದನ್ನು ಸೇರಿಸಿಕೊಂಡರು. ಕೊನೆಯ ವರ್ಷ ಇಲ್ಲೇ ಓದುವುದರಿಂದ ನಮ್ಮ ಕಾಲೇಜಿನ ಹೆಸರಿನ ಡಿಗ್ರಿ ಕೊಡಲು ಅಡ್ಡಿಯಿಲ್ಲ ಎಂದೂ ಮಾತಾಡಿಕೊಂಡರು.

ಕೆಮಿಸ್ಟ್ರಿ ಮೇಡಂ ಮಾತ್ರ ಸಿಲಬಸ್ಸು ಬದಿಗಿಟ್ಟು ಲ್ಯಾಬಿನ ರೆಕಾರ್ಡು ತೆಗೆದರು. ಎಲ್ಲ ಹಾಳೆಯಲ್ಲೂ ಕೆಂಪು ಸಹಿ ಇತ್ತು. ನಾಲ್ಕನೇ ಸೆಮಿಸ್ಟರಿನ ರೆಕಾರ್ಡು ತಿರುವುತ್ತ ತಲೆ ಎತ್ತಿದರು.

"ಇವನ್ನೆಲ್ಲ ನೀನೇ ಕೈಯಾರೆ ಮಾಡೀಯಾ?"

ಹೌದು ಎಂದರೆ ಮುಗಿಯುತ್ತಿತ್ತು. ಸಹಿ ಇದೆ, ಸೀಲು ಇದೆ.

"ಇಲ್ಲ ಮೇಡಂ. ಆ ಸೆಮಿಸ್ಟರು ಸಾಮಾನು ಬಂದಿರಲಿಲ್ಲ. ಸರ್ ಬೋರ್ಡ್ ಮೇಲೆ ಹೇಳಿಕೊಟ್ರು, ನಾವು ಬರಕಂಡ್ವಿ."

ನಾನು ಹೊರಗೆ ಹಣೆ ಹಣೆ ಬಡಿದುಕೊಂಡೆ. ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಈ ಹುಡುಗಿಗೆ? ಒಳಗೆ ನುಗ್ಗಿ ಎಳೆದುಕೊಂಡು ಬರಬೇಕು ಅನ್ನಿಸಿತು. ಫಿಸಿಕ್ಸ್ ಸರ್ ಪೆನ್ನು ಕೆಳಗಿಟ್ಟರು.

"ಹಂಗಾದ್ರೆ ಉಳಿದ ಸೆಮಿಸ್ಟರಿನವು?" ಮೇಡಂ ಕೇಳಿದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ.

"ಅವನ್ನೆಲ್ಲ ನಾನೇ ಮಾಡೀನಿ. ನಂಬಿಕೆ ಇಲ್ಲ ಅಂದ್ರೆ ಈಗಲೇ ಮಾಡಿ ತೋರಿಸ್ತೀನಿ."

ಮೇಡಂ ಎದ್ದು "ಬಾ" ಎಂದರು. ಇಬ್ಬರೂ ನನ್ನ ಮುಂದೆಯೇ ಹಾದು ಎದುರಿನ ಲ್ಯಾಬಿಗೆ ಹೋದರು. ಆ ವಾಸನೆ ನನ್ನ ಮೂಗಿಗೆ ಸೇರಿದ್ದು ಆಗಲೇ. ಚೈತ್ರ ಉದ್ದನೆಯ ಗಾಜಿನ ಕೊಳವೆಯನ್ನು ತೊಳೆದು ನಿಲ್ಲಿಸಿದಳು, ಕೆಳಗೆ ಒಂದು ಸೀಸೆ ಹಿಡಿದಳು. ಒಂದು ಕೈಯಲ್ಲಿ ಸಣ್ಣ ನಲ್ಲಿ ತಿರುವುತ್ತ ಇನ್ನೊಂದು ಕೈಯಲ್ಲಿ ಸೀಸೆಯನ್ನು ಗರಗರ ಆಡಿಸಿದಳು. ನೀರಿನಂತಿದ್ದದ್ದು ನೀರಿನಂತೆಯೇ ಇತ್ತು. ಆಮೇಲೆ ಅವಳು ನಿಧಾನ ಮಾಡಿದಳು, ಒಂದೊಂದೇ ಹನಿ. ನಾನು ಬೆಂಚಿನಿಂದ ಎದ್ದು ಬಾಗಿಲಿಗೆ ಬಂದಿದ್ದೆ, ಯಾರೂ ಹೋಗು ಎನ್ನಲಿಲ್ಲ. ಒಂದು ಹನಿ ಬಿದ್ದು ಇಡೀ ಸೀಸೆ ತೆಳ್ಳಗೆ ಗುಲಾಬಿ ಬಣ್ಣಕ್ಕೆ ತಿರುಗಿತು. ಚೈತ್ರ ತಟ್ಟನೆ ನಲ್ಲಿ ಮುಚ್ಚಿದಳು.

ಮೇಡಂ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. "ನಮ್ಮೋರು ಹನಿ ಹೆಚ್ಚಾಗಿ ಬಿಟ್ಟು ಇನ್ನೂ ಕೆಂಪಗೆ ಮಾಡಿ ತರ್ತಾರೆ" ಎಂದರು. ಅಷ್ಟೇ.

ದಾರಿಯಲ್ಲಿ ಬೈದೆ. "ಕೇಳಿದ್ದಕ್ಕೆ ಹೂಂ ಅಂದಿದ್ರೆ ನಾಲಿಗೆ ಉದುರ್ತಿತ್ತೇನೇ?"

"ಹೂಂ ಅಂದು, ಆಮೇಲೆ ಅದನ್ನೇ ಮಾಡಿ ತೋರ್ಸು ಅಂದಿದ್ರೆ ಏನ್ ಮಾಡ್ಲಿ ಅಜ್ಜಿ?"

ಅದೂ ಸರಿಯೇ. ಆದರೆ ಸರಿ ಎಂದು ನಾನು ಹೇಳಲಿಲ್ಲ.

ಆಮೇಲಿನ ದಿನಗಳು ಮಳೆ, ಹೊಗೆ, ರೊಟ್ಟಿ. ಚೈತ್ರ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಕೇಳಿ ಬಂದಳು. ಮುಂದಿನ ಸೋಮವಾರದಿಂದ ಬಾ ಎಂದಿದ್ದರಂತೆ. ಸುಜಾತ ಫೋನು ಮಾಡಿದಾಗಲೆಲ್ಲ ಕಮಿಟಿಯ ಸುದ್ದಿ ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದಳು.

ಸೋಮವಾರ ಬರುವ ಮೊದಲೇ ಕಾಲೇಜಿನ ಬೋರ್ಡಿಗೆ ಚೀಟಿ ಬಿತ್ತು. ಚೈತ್ರ ಓಡಿ ಬಂದಳು, ಓಣಿಯ ಕೆಸರೆಲ್ಲ ಲಂಗಕ್ಕೆ ಹಾರಿಸಿಕೊಂಡು. ಎಲ್ಲ ಪೇಪರುಗಳನ್ನೂ ಒಪ್ಪಿದ್ದರು, ಒಂದನ್ನು ಬಿಟ್ಟು. ಆ ಕೆಮಿಸ್ಟ್ರಿ ಲ್ಯಾಬಿನ ಕ್ರೆಡಿಟ್ಟು ಬಾಕಿ. ಮೂರನೇ ವರ್ಷದಲ್ಲಿ ಕೂತು, ಶನಿವಾರ ಎರಡನೇ ವರ್ಷದ ಮಕ್ಕಳ ಜೊತೆ ನಿಂತು ಅದನ್ನು ಮಾಡಿ ಮುಗಿಸಬೇಕು.

"ಆದ್ರೆ ಅಲ್ಲಿನ ಮಾರ್ಕ್ಸು ಇಲ್ಲಿಗೆ ಬರಲ್ಲಂತೆ. ಕ್ರೆಡಿಟ್ ಅಷ್ಟೇ. ಎಷ್ಟು ಚೆನ್ನಾಗಿ ತೆಗೆದಿದ್ದೆ ಗೊತ್ತಾ" ಎಂದು ಮುಖ ಸಣ್ಣದು ಮಾಡಿದಳು.

"ಕಾಳು ಬಂತಲ್ಲ, ಚೀಲದ ಚಿತ್ತಾರ ಕಟ್ಕಂಡು ಏನ್ ಮಾಡ್ತೀಯ. ತಿನ್ನು ಮೊದ್ಲು" ಎಂದು ರೊಟ್ಟಿ ಮುಂದಿಟ್ಟೆ. ನಾನೂ ತಿಂದೆ. ತಿನ್ನುತ್ತಾ ಹೋದೆ. ಇಷ್ಟು ದಿನ ನನಗೆ ಹಸಿವೇ ಆಗಿರಲಿಲ್ಲ ಎಂದು ಆಗ ಗೊತ್ತಾಯಿತು.

ಸುಜಾತಳಿಗೆ ಫೋನು ಹಚ್ಚಿದೆವು. ನ್ಯಾಮತಿ ಬಸ್ಸಿನಲ್ಲಿದ್ದಳು, ಹಿಂದೆ ಸಂತೆಯ ಗದ್ದಲ, ಕೋಳಿಯ ಕೂಗು.

"ಅವ್ವ, ಟಿಕೆಟ್ ಹರೀತಿದೀನಿ. ಬೇಗ ಹೇಳು."

"ಮೂರನೇ ವರ್ಷಕ್ಕೇ ತಗಂಡ್ರು. ಒಂದು ಲ್ಯಾಬು ಬಾಕಿ, ಅಷ್ಟೇ."

ಆ ಕಡೆ ಯಾರೋ ಚಿಲ್ಲರೆ ಕೇಳುತ್ತಿದ್ದರು. ಆಮೇಲೆ ಫೋನು ಕಿವಿಯಲ್ಲಿರುವಾಗಲೇ "ರೈಟ್, ರೈಟ್! ಹೋಗ್ಲಿ!" ಎಂದು ಕೂಗಿದಳು. ಅಷ್ಟು ಜೋರಾಗಿ ಅವಳು ಕೂಗಿದ್ದನ್ನು ಅದಕ್ಕೆ ಮುಂಚೆ ನಾನು ಕೇಳಿಲ್ಲ.

ಆ ವರ್ಷದ ಕ್ಲಾಸು ಮುಗಿದ ಬೇಸಿಗೆಯಲ್ಲಿ ನನ್ನ ಸಣ್ಣ ಮಗ ಮಂಜನಿಗೆ ನ್ಯಾಮತಿಯಿಂದ ಹೆಣ್ಣು ತಂದೆವು. ಅವಳೇ ದೀಪಾ. ಮದುವೆಯ ಮಾರನೆಯ ದಿನ ನೀಲಕ್ಕ ಬಂದು ಅಂಗಳದಲ್ಲಿ ಕುರ್ಚಿ ಹಾಕಿಕೊಂಡಳು. ಪೊರಕೆಯನ್ನು ದೀಪಾಳ ಕಡೆಗೆ ಕಾಲಿನಿಂದ ಸರಿಸಿ "ಮೊದ್ಲು ಅಂಗಳ ಗುಡಿಸಾಕೆ ಕಲೀಲಿ. ಒಲೆ ಮುಂದಿನ ವರ್ಷ ನೋಡಣ" ಎಂದಳು.

ನಾನು ಪೊರಕೆ ಎತ್ತಿ ಮೂಲೆಗಿಟ್ಟೆ. "ತವರಿನಲ್ಲಿ ಏನೇನು ಮಾಡ್ತಿದ್ದೆ, ಹೇಳವ್ವ" ಎಂದು ದೀಪಾಳನ್ನು ಕೇಳಿದೆ.

ಅವಳು ಅತ್ತಿತ್ತ ನೋಡಿದಳು. "ಹಾಲು ಕರೀತೀನಿ. ಅಪ್ಪನ ಅಂಗಡಿ ನೋಡ್ಕಂತಿದ್ದೆ. ಅಕ್ಕಿ ರೊಟ್ಟಿ ಬರುತ್ತೆ, ಜೋಳದ್ದು ಬರಲ್ಲ. ಅಡುಗೆ ಎಲ್ಲ ಮಾಡ್ತೀನಿ."

"ಹಂಗಾದ್ರೆ ನಾಳೆಯಿಂದ ರೊಟ್ಟಿ ವ್ಯಾಪಾರ ನೀನು ನೋಡ್ಕೋ. ಇವತ್ತು ಅಡುಗೆ ಮಾಡು, ನೋಡಣ."

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತೆವು. ಪಲ್ಯ ಚೆನ್ನಾಗಿತ್ತು. ಅನ್ನ ಉದುರು ಉದುರಾಗಿತ್ತು. ಸಾರು ಬಾಯಿಗಿಟ್ಟೆವು. ನೀಲಕ್ಕ ನನ್ನ ಮುಖ ನೋಡಿದಳು, ಮಂಜ ತಟ್ಟೆ ನೋಡಿದ. ಬಿಸಿನೀರಿಗೆ ಹುಳಿ ತೋರಿಸಿದ ಹಾಗಿತ್ತು.

ಚೈತ್ರ ಅಷ್ಟು ಹೊತ್ತಿಗೆ ತನ್ನ ಬಾಕಿ ಲ್ಯಾಬು ಪಾಸು ಮಾಡಿಕೊಂಡಿದ್ದಳು. ಗಂಭೀರವಾಗಿ ತುತ್ತು ನುಂಗಿ, "ಮಾಮಿ, ಗಾಬರಿ ಆಗ್ಬೇಡ. ನಿನ್ನ ಎಲ್ಲಾ ಕ್ರೆಡಿಟ್ಟೂ ಒಪ್ಪೀವಿ. ಸಾರು ಒಂದು ಬಾಕಿ. ಶನಿವಾರ ಶನಿವಾರ ನಮ್ಮಜ್ಜಿ ಹತ್ರ ಬಂದು ಕಟ್ಟು" ಎಂದಳು. ದೀಪಾ ಮೊದಲು ಹೆದರಿದಳು, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕಳು.

ಚೈತ್ರ ಈಗ ಎಂಎಸ್ಸಿಗೆ ಬೇರೆ ಊರಿನಲ್ಲಿದ್ದಾಳೆ. ಈ ಸಲ ಅಲ್ಲಿ ಕೇಳಿಕೊಂಡು, ಒಪ್ಪಿಸಿಕೊಂಡು, ಆಮೇಲೆ ಇಲ್ಲಿ ಟಿಸಿ ಕಿತ್ತಳು. ಸುಜಾತಳಿಗೆ ಇನ್ನೊಂದು ವರ್ಗದ ಮಾತು ಕೇಳುತ್ತಿದೆ. ಆಗಲಿ, ಹುಡುಗಿಯ ಡಿಗ್ರಿಯಂತೂ ದಡ ಮುಟ್ಟಿದೆ.

ಓಟು ಹಾಕಿ ಹೊರಗೆ ಬಂದು ದೀಪಾಳಿಗಾಗಿ ಕಾಯುತ್ತ ಆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಅವಳು ಶಾಯಿಯ ಬೆರಳು ಊದುತ್ತ ಬಂದು "ಮಧ್ಯಾಹ್ನಕ್ಕೆ ಸಾರು ಮಾಡ್ಲಾ ಅತ್ತೆ?" ಎಂದಳು.

"ಮಾಡು" ಎಂದೆ. ಅವಳ ಸಾರು ಈಗಲೂ ಅಷ್ಟಕ್ಕಷ್ಟೆ. ಪಾಸು ಮಾಡಿಬಿಟ್ಟಿದ್ದೇನೆ.